ಒಂಟಿಮೊಟ್ಟೆಯ ದಕ್ಷಿಣದ ಅಂಚು

ಚಂದ್ರನ ಮರೆಬದಿ,
ಕ್ರಿ.ಶ. 2417, ಫೆಬ್ರವರಿ 30

ನಮಗಿಂತ ಮೊದಲು ಆಕಾಶ ನೋಡಿದವರಿಗೆ,

ತಾರೀಖು ಕಂಡು ನಗಬೇಡಿ, ಇಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಈ ಪತ್ರವನ್ನು ಕಾಲದಲ್ಲಿ ಹಿಂದಕ್ಕೆ, ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ನಾಲ್ಕು ಶತಮಾನಗಳಲ್ಲಿ ನಮ್ಮ ಕನ್ನಡವೂ ಸವೆದಿದೆ. ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ, ಮಾತು ಒರಟೆನಿಸಿದರೆ ಮನ್ನಿಸಿ. ನಾನು ರೇವಕ್ಕ ಅಂಗಡಿ. ಭೂಮಿ ಎಂದೂ ಕಾಣದ ಈ ಬದಿಯಲ್ಲಿ ಕ್ಷ-ಕಿರಣ ದೂರದರ್ಶಕವೊಂದನ್ನು ನಡೆಸುವ ಹೊಣೆ ನನ್ನದು. ಕಿರಣಗಳನ್ನು ಹಿಡಿಯುವ, ಸದಾ ತಣ್ಣಗಿರಬೇಕಾದ ಅದರ ಒಳಭಾಗವನ್ನು ನಾವು ತಂಪುಗಣ್ಣು ಎನ್ನುತ್ತೇವೆ, ಅದರ ಮುಚ್ಚಳವನ್ನು ರೆಪ್ಪೆ. ನಾವು ನೆಲದಡಿಯಲ್ಲಿ ಬದುಕುತ್ತೇವೆ. ದೀಪದ ಬೆಳಕಿಗೆ ಜೋಳ ಬೆಳೆಯುತ್ತೇವೆ. ಹೊರಗೆ ಹೋಗಿ ಬಂದವರ ಬಟ್ಟೆಯಿಂದ ಚಂದ್ರನ ಧೂಳಿನ, ಸುಟ್ಟ ಸಿಡಿಮದ್ದಿನಂಥ ವಾಸನೆ ದಿನಗಟ್ಟಲೆ ಹೋಗುವುದಿಲ್ಲ.

ಅಂಡಾಕಾರದ ಗ್ಯಾಲಕ್ಸಿಯೊಂದಿದೆ. ನೆರೆಹೊರೆ ಇಲ್ಲದ ಅದಕ್ಕೆ ಒಂಟಿಮೊಟ್ಟೆ ಎಂದು ಹೆಸರು. ಅದರ ನಕ್ಷತ್ರಗಳ ನಡುವೆಲ್ಲ ಕೋಟಿ ಡಿಗ್ರಿಯವರೆಗೆ ಕಾದ ಅನಿಲ ತುಂಬಿದೆ, ಅದು ಹೊಳೆಯುವುದು ಕ್ಷ-ಕಿರಣದಲ್ಲಿ. ಅಷ್ಟು ಕಾದದ್ದು ಚದುರಿಹೋಗದೆ ನಿಲ್ಲಬೇಕಾದರೆ ಹಿಡಿದಿಡುವ ತೂಕ ಬೇಕು. ನಕ್ಷತ್ರಗಳ ತೂಕ ಅದಕ್ಕೆ ಸಾಲದಿದ್ದರೆ ಮಿಕ್ಕದ್ದು ಕಾಣದ ಕಪ್ಪುದ್ರವ್ಯ. ನಮ್ಮ ಹಿರಿಯ ಖಗೋಳಜ್ಞ ಬಸವಂತ ಕುಲಗೋಡರು ಹರೆಯದಲ್ಲಿ ಇದರ ನಡುಭಾಗವನ್ನು ಅಳೆದು, ಇಲ್ಲಿ ಕಪ್ಪುದ್ರವ್ಯವೇ ಇಲ್ಲವೆಂದು ಸಾರಿ ಹೆಸರಾದರು. ಅವರ ಶಿಷ್ಯೆ ಜಲಜಾಕ್ಷಿ ಒಪ್ಪಲಿಲ್ಲ. ನಡುವಿನ ಕಪ್ಪುರಂಧ್ರ ಅನಿಲವನ್ನು ಕಲಕುತ್ತಿದೆ, ಕಲಕಿದ್ದನ್ನು ನಿಂತದ್ದೆಂದು ಎಣಿಸಿದರೆ ತೂಕ ತಪ್ಪುತ್ತದೆ, ಶಾಂತವಾದ ಅಂಚನ್ನು ಅಳೆಯಿರಿ ಎಂದಳು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ಇಲ್ಲದ್ದನ್ನು ಹುಡುಕುವ ಕಣ್ಣು ಯಾಕೆಂದು ಭೂಮಿಯ ಮಂಡಳಿ ಈ ವರ್ಷ ನಮ್ಮ ಠಾಣೆಯನ್ನೇ ಮುಚ್ಚಲು ಹೊರಟಿತು. ಕೊನೆಯ ವಾರವನ್ನು ನಾನು ಜಲಜಾಕ್ಷಿಗೆ ಕೊಟ್ಟೆ. ಉತ್ತರದ ಅಂಚಿನಿಂದ ಮಂದವಾದ ಬೆಳಕು ಕೂಡಿಬರುತ್ತಿದ್ದಾಗ ಸೂರ್ಯನ ಬಿರುಗಾಳಿಯ ಎಚ್ಚರಿಕೆ ಮೊಳಗಿತು. ಉಳಿದವರೆಲ್ಲ ಆಳದ ಆಸರೆಗೆ ಇಳಿದರು. ರೆಪ್ಪೆ ಮುಚ್ಚಿ ಇಳಿಯುವುದು ನನ್ನ ಕೆಲಸ. ಜಲಜಾಕ್ಷಿ ನನ್ನ ಕೈ ಹಿಡಿದಳು.

"ಮುಚ್ಚಬ್ಯಾಡ್ರಿ ಅಕ್ಕಾರ. ಅಂಚಿನ ಬೆಳಕು ಈಗ ಬರಾಕತ್ತೈತಿ."

"ಕಣ್ಣು ಸುಟ್ಟರ ಇನ್ನೊಂದು ಎಲ್ಲಿಂದ ತರ್ತಿ? ಇಲ್ಲೇ ನಿಂತ್ರ ನೀನೂ ಸುಡ್ತಿ. ನಡಿ ಕೆಳಗ."

ಆಗ ಮೆಟ್ಟಿಲು ಹತ್ತಿ ಬಂದವರು ಬಸವಂತರು. ಏದುಸಿರು ಬಿಡುತ್ತಿದ್ದರು. ಮುಚ್ಚಿಸಲು ಬಂದರೆಂದೇ ನಾನು ತಿಳಿದೆ.

"ತೆರದ ಇರ್ಲಿ ಬಿಡ್ರಿ," ಎಂದರು. "ನಾ ಹೇಳಿದ್ದು ಖರೆ ಇದ್ರ ಉಳೀತೈತಿ. ಸುಳ್ಳಿದ್ರ ನಾ ಇರೂದ್ರಾಗ ಗೊತ್ತಾಗ್ಲಿ. ಹುಡುಗಿ, ನೀ ಕೆಳಗ ಹೋಗು, ನಾ ನೋಡ್ಕೋತೀನಿ."

ಜಲಜಾಕ್ಷಿ ಹೋಗಲಿಲ್ಲ. ನಾನೂ ಹೋಗಲಿಲ್ಲ. ಪರದೆಯ ಮೇಲೆ ಅರಳು ಸಿಡಿದ ಹಾಗೆ ಬಿಳಿ ಚುಕ್ಕೆಗಳು ಏಳತೊಡಗಿದವು. ಅವು ಬಿರುಗಾಳಿಯ ಕಣಗಳು. ಅವರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಆ ಚುಕ್ಕೆಗಳನ್ನು ತೆಗೆದುಹಾಕುತ್ತ ನಿಜವಾದ ಬೆಳಕನ್ನು ಆಯ್ದರು. ನನ್ನ ಬೆರಳು ರೆಪ್ಪೆಯ ಗುಂಡಿಯ ಮೇಲೆಯೇ ಇತ್ತು, ಒತ್ತಲಾಗಲಿಲ್ಲ. ಉತ್ತರದ ಅಂಚು ಮುಗಿಯಿತು. ದೂರದರ್ಶಕ ದಕ್ಷಿಣಕ್ಕೆ ಹೊರಳುತ್ತಿದ್ದಂತೆ ಪರದೆ ಪೂರ್ತಿ ಬೆಳ್ಳಗಾಗಿ, ಆಮೇಲೆ ಕಪ್ಪಾಯಿತು. ತಂಪುಗಣ್ಣು ಸತ್ತಿತು.

ಲೆಕ್ಕವನ್ನು ಬಸವಂತರೇ ಹಾಕಿದರು. ಅಂಚಿನವರೆಗೂ ಅನಿಲ ಕಾದೇ ಇತ್ತು. ಅದನ್ನು ಹಿಡಿದ ತೂಕ ನಕ್ಷತ್ರಗಳ ತೂಕದ ಹತ್ತು ಪಟ್ಟು. "ನಂದು ತಪ್ಪಿತ್ತು ಜಲಜಾ," ಎಂದರು. ಮಂಡಳಿಯ ಮುಂದೆಯೂ ಅದನ್ನೇ ಹೇಳಿದರು. ಮಂಡಳಿ ಕೇಳಿತು, ಒಪ್ಪಲಿಲ್ಲ. ಉತ್ತರದಲ್ಲೂ ಅನಿಲ ಕದಡಿರಬಹುದಲ್ಲ, ದಕ್ಷಿಣವನ್ನೂ ಅಳೆದು ತನ್ನಿ, ಮುಂದಿನ ವಾರದವರೆಗೆ ಕಾಯುತ್ತೇವೆ ಎಂದಿತು. ಅಳೆಯಲು ನಮಗೆ ಕಣ್ಣಿಲ್ಲ.

ಆ ದಿನದ ಬಿರುಗಾಳಿಯ ವಿಕಿರಣ ನಮ್ಮ ಮೂವರ ಮೈಗೂ ಹೊಕ್ಕಿದೆ, ವಯಸ್ಸಾದ ಬಸವಂತರಿಗೆ ಹೆಚ್ಚು. ಅವರು ಹಾಸಿಗೆ ಹಿಡಿದಿದ್ದಾರೆ. ಜಲಜಾಕ್ಷಿ ಪಕ್ಕ ಬಿಟ್ಟು ಏಳುವುದಿಲ್ಲ.

ಆದ್ದರಿಂದ ನಿಮ್ಮನ್ನು ಬೇಡುತ್ತೇನೆ. ನಿಮ್ಮ ದೂರದರ್ಶಕಗಳು ಚಿಕ್ಕವು, ಆದರೆ ನಿಮಗೆ ವರ್ಷಗಳಿವೆ. ಗ್ಯಾಲಕ್ಸಿ ಎಲ್ಲಿದೆಯೆಂಬುದನ್ನು ಜೊತೆಗಿನ ಹಾಳೆಯಲ್ಲಿ ಬರೆದಿದ್ದೇನೆ. ಅದರ ದಕ್ಷಿಣದ ಅಂಚನ್ನು ತಾಳ್ಮೆಯಿಂದ ನೋಡಿ, ಕಂಡದ್ದನ್ನು ಅಳಿಸದೆ ಇಡಿ. ಅನಿಲ ಅಲ್ಲಿ ಕದಡಿದ್ದರೆ ಕದಡಿದೆ ಎಂದೇ ಬರೆಯಿರಿ, ನಮ್ಮ ಮೇಲಿನ ಕರುಣೆಯಿಂದ ಏನನ್ನೂ ತಿದ್ದಬೇಡಿ. ಈ ಪತ್ರ ಹೊರಟ ಮೇಲೆ ನಾನು ನಿಮ್ಮ ಕಾಲದ ದಾಖಲೆಗಳ ಭಂಡಾರಕ್ಕೆ ಹೋಗಿ ನಿಮ್ಮ ಅಳತೆಯನ್ನು ಹುಡುಕುತ್ತೇನೆ. ಬಸವಂತರು ನಿದ್ದೆ ಮಾಡದೆ ಕಾದಿದ್ದಾರೆ.

ರೇವಕ್ಕ