ಫಿಲೋಮಿನಾಳ ಮಡಿಲಿಗೊಂದು ಬಳ್ಳಿಕಡ್ಡಿ

ದೇವನಹಳ್ಳಿ ಪಕ್ಕದ ನಮ್ಮ ದ್ರಾಕ್ಷಿ ತೋಟ,
ಇಸವಿ 2191, ಎರಡನೇ ಬೇಸಿಗೆಯ ಕೊನೆಯ ವಾರ

ಪ್ರೀತಿಯ ಆರೋಗ್ಯಮ್ಮಜ್ಜಿಗೆ, ನಿಮ್ಮ ವಂಶಕ್ಕೆ ಸೊಸೆಯಾಗಿ ಬಂದ ಇನ್ನಾಸಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಿಮ್ಮ ಕಾಲದಿಂದ ಎಷ್ಟೋ ತಲೆಮಾರು ಆಚೆ ಕೂತು ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮ್ಮ ಕಿವಿಗೆ ವಕ್ರವಾಗಿ ಕೇಳಿಸಿದರೆ ಕ್ಷಮಿಸಿ. ಶಾಲೆಗೆ ಹೋದವಳಲ್ಲ, ಬಾಟಲಿಗೆ ಚೀಟಿ ಅಂಟಿಸುತ್ತಾ ಅಕ್ಷರ ಕಲಿತವಳು. ಇದನ್ನು ಓದುವಾಗ ನೀವು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ಅಜ್ಜಿ ಎನ್ನದೆ ನನಗೆ ಸಮಾಧಾನವಿಲ್ಲ.

ನಮಗೆ ವರ್ಷಕ್ಕೆ ಎರಡು ಬೇಸಿಗೆ. ಕ್ರಿಸ್ಮಸ್ ದಿನವೂ ತೋಟದ ಮೇಲೆ ನೆರಳುಬಟ್ಟೆ ಎಳೆಯುತ್ತೇವೆ. ಅದು ಬಿಸಿಲೇರಿದಂತೆ ತಾನೇ ದಪ್ಪವಾಗುವ ಬಟ್ಟೆ. ಮಿಕ್ಕಿದ್ದೆಲ್ಲ ನಿಮ್ಮ ಕಾಲದ್ದೇ. ಹಣ್ಣನ್ನು ಈಗಲೂ ಕಾಲಿನಲ್ಲೇ ತುಳಿಯುತ್ತೇವೆ, ಹಬ್ಬ ಕಳೆಯುವವರೆಗೂ ಹಿಮ್ಮಡಿಯ ಕೆಂಪು ಹೋಗುವುದಿಲ್ಲ. ಮೊದಲ ಪೀಪಾಯಿಯ ವೈನು ಈಗಲೂ ಚರ್ಚಿನ ಪೂಜೆಗೇ.

ಈ ಸಲ ಬೂದಿಬೇರು ಬಂದಿದೆ. ಮಣ್ಣಿನೊಳಗೇ ಬೇರು ಸುಟ್ಟಂತೆ ಪುಡಿಯಾಗುವ ರೋಗ, ನೀವು ಕಂಡಿರಲಾರಿರಿ. ನಿಮ್ಮ ಮಾವ ನೆಟ್ಟ ಬಳ್ಳಿಗಳು ಸಾಲುಸಾಲಾಗಿ ಒಣಗಿದವು. ಬಾವಿಯ ಪಕ್ಕದ್ದೊಂದೇ ಉಳಿದಿದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದುಹೋಗಿ ಅದರ ಎಲೆ ಮುಟ್ಟಿಬಂದೆ. ನಿನ್ನೆ ತಂಪಾಗಿತ್ತು. ಇವತ್ತು ಅಂಚು ಗರಿಗರಿ. ಅದರ ಕಡ್ಡಿ ಕತ್ತರಿಸಿ ಬೇರೆಡೆ ನೆಟ್ಟರೂ ರೋಗ ಜೊತೆಗೇ ಬರುತ್ತದೆ.

ನನ್ನ ಸೊಸೆ ಸೆಲೀನಾ ಬಾಗಿಲಲ್ಲಿ ನಿಂತು ನಗುತ್ತಾಳೆ: "ಅತ್ತೆ, ಸತ್ತೋರಿಗೆ ಕಾಗದ ಬರೆದ್ರೆ ಅಂಚೆಯವ್ನು ಯಾವ ಬಸ್ ಹತ್ಬೇಕು?"

"ನೀನ್ ಹೋಗಿ ಪೀಪಾಯಿನಾಗಿನ ಸಿಪ್ಪೆ ಕೆಳಕ್ಕೊತ್ತು ತಾಯಿ, ಮೇಲೆ ಉಬ್ಬಿ ನಿಂತ್ರೆ ರಸ ಹುಳಿ ಆಯ್ತದೆ" ಎಂದು ಕಳಿಸಿದೆ. ಬಹುಶಃ ಇದೇ ನಮ್ಮ ಕೊನೆಯ ಪೀಪಾಯಿ.

ನಮ್ಮ ಮನೆಯ ಕಟ್ಟಳೆ ನಿಮಗೆ ಗೊತ್ತೇ ಇದೆ. ಬಳ್ಳಿ ಸವರಿದ ದಿನ ಕಡ್ಡಿಗಳನ್ನೆಲ್ಲ ಅಂಗಳದಲ್ಲೇ ಸುಡಬೇಕು, ಒಂದೂ ಹೊಸಿಲು ದಾಟಬಾರದು. ನಮ್ಮ ರುಚಿ ಬೇರೆಯವರ ಚಪ್ಪರಕ್ಕೆ ಹೋಗಬಾರದೆಂಬ ಹೆಮ್ಮೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೂ ಬಾಟಲಿ ಮಾತ್ರ. ಇಷ್ಟು ತಲೆಮಾರು ಎಲ್ಲವನ್ನೂ ಒಂದೇ ಮಣ್ಣಿನಲ್ಲಿ ಕಾದೆವು. ಆ ಮಣ್ಣೇ ಕೈಬಿಟ್ಟಿತು.

ನಿಮ್ಮ ಮಗಳು ಫಿಲೋಮಿನಾ ಮಾಲೂರಿನ ಗಂಡನ ಮನೆಗೆ ಹೊರಟ ಬೆಳಿಗ್ಗೆ ಒಂದು ಕಡ್ಡಿ ಕೇಳಿದಳಂತೆ. ನೀವು ಇಲ್ಲವೆಂದಿರಿ ಎನ್ನುತ್ತಾರೆ ಕೆಲವರು. ಕಣ್ತಪ್ಪಿಸಿ ಕೊಟ್ಟಿರಿ ಎನ್ನುತ್ತಿದ್ದರು ನನ್ನ ಅತ್ತೆ. ಆ ಕಡೆಯವರಿಗೂ ನಮಗೂ ಹೋಗಿಬರುವುದು ನಿಂತು ಎಷ್ಟೋ ಕಾಲವಾಯಿತು, ಕೇಳೋಣವೆಂದರೆ ಇಷ್ಟು ದಿನ ಬಾಯಿ ಬರಲಿಲ್ಲ.

ಅಜ್ಜಿ, ಆ ಬೆಳಿಗ್ಗೆ ನಿಮಗಿನ್ನೂ ಬಂದಿಲ್ಲದಿದ್ದರೆ, ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುವಾಗ ಒಂದು ಕಡ್ಡಿಯನ್ನೂ ಹಾಕಿ. ಮನೆಯವರು ಬೈದರೆ ಬೈಯಲಿ, ಆ ಬೈಗುಳ ನನ್ನ ತಲೆಗಿರಲಿ.

ನಾಳೆ ಬೆಳಗಾಗುತ್ತಲೇ ನಾನು ಮಾಲೂರಿಗೆ ಹೊರಡುತ್ತೇನೆ. ಕಡ್ಡಿ ಸುತ್ತಿ ತರಲು ಗೋಣಿಬಟ್ಟೆ ನೆನೆಸಿಟ್ಟಿದ್ದೇನೆ. ಫಿಲೋಮಿನಾಳ ಆ ಮನೆಯ ಹಿತ್ತಿಲಲ್ಲಿ ನಮ್ಮ ಬಳ್ಳಿ ಇದೆಯೋ ಇಲ್ಲವೋ ತಿಳಿಯದು. ನಾನು ಅವರ ಬಾಗಿಲು ತಟ್ಟುವಷ್ಟರಲ್ಲಿ ಅವಳಿಗೆ ಕಡ್ಡಿ ಕೊಟ್ಟುಬಿಡಿ.

ನಿಮ್ಮ
ಇನ್ನಾಸಮ್ಮ