ಹಳದಿಗೆ ತಿರುಗಿದ ಕುಂಕುಮ

ಚಾಮರಾಜನಗರ
ಬುಧವಾರ, 12 ಫೆಬ್ರವರಿ 2025

ಕಾಡು ಕಾಯುವ ನನ್ನ ಯಜಮಾನರಿಗೆ, ನಯನಾಳ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಹೋಯಿತೇ? ಬಂಡೀಪುರದ ನಿಮ್ಮ ಕ್ಯಾಂಪಿನಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಆನೆಗಳಿಗೆ ಒಳ್ಳೆಯದಿರಬಹುದು, ನನಗಲ್ಲ. ನಾಳೆ ಗುಂಡ್ಲುಪೇಟೆಯಿಂದ ರೇಷನ್ ಜೀಪು ಹೊರಡುತ್ತದಂತೆ, ಅದರಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅತ್ತೆ ಹುರುಳಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದಾರೆ, ಒಬ್ಬರೇ ಮುಗಿಸಬೇಡಿ.

ಈಗ ನಿಮ್ಮ ತಾಯಿಯ ಪ್ರತಾಪ ಕೇಳಿ. ನೀವು ‘ಪ್ಲಾಸ್ಟಿಕ್ ಹಪ್ಪಳ’ ಎಂದು ಆಡಿಕೊಳ್ಳುವ ನನ್ನ ಫ್ಯೂಯೆಲ್ ಸೆಲ್ ಪೊರೆ ಗೊತ್ತಲ್ಲ. ಅದರ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ. ಹೈಡ್ರೋಜನ್ನಿನ ಪ್ರೋಟಾನು ಪೊರೆಯನ್ನು ದಾಟಿದರೇ ಕರೆಂಟು. ದಾಟಿಸುವುದು ಪೊರೆಯೊಳಗಿನ ಆಮ್ಲ, ತಾರಸಿ ಹಾಕುವಾಗ ಸಾಲಾಗಿ ನಿಂತವರು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಹಿಂದಿನ ಪೊರೆಗಳಲ್ಲೆಲ್ಲ ತೊಳೆದ ಕೂಡಲೇ ಆಮ್ಲ ನೀರಿನ ಜೊತೆ ಹೊರಟುಹೋಗುತ್ತಿತ್ತು. ಅಕ್ಷರಶಃ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಸಲವೂ ಕೆಟ್ಟರೆ ಸಂಶೋಧನೆಯ ವಿಷಯವನ್ನೇ ಬದಲಿಸೋಣ ಎಂದು ಗೈಡ್ ಮೇಡಂ ಹೇಳಿಬಿಟ್ಟಿದ್ದರು.

ಭಾನುವಾರ ಲ್ಯಾಬಿಗೆ ಬೀಗ. ಹೊಸ ಪೊರೆಯನ್ನು ಮನೆಗೇ ತಂದು, ನೀರು ಬದಲಿಸಿ ಬದಲಿಸಿ ತೊಳೆದು, ಗಾಜಿನ ಮೇಲೆ ಹರಡಿ ಸ್ನಾನಕ್ಕೆ ಹೋದೆ. ಗ್ಯಾಸ್ ಸಿಲಿಂಡರಿಗೂ ಕುಂಕುಮ ಇಡುವ ಅತ್ತೆ ಇದನ್ನು ಬಿಟ್ಟಾರೆಯೇ? ಸೊಸೆಯ ಕೆಲಸ ಕೈಗೂಡಲಿ ಎಂದು ಮೂಲೆಯಲ್ಲೊಂದು ಬೊಟ್ಟು ಇಟ್ಟಿದ್ದಾರೆ, ಅರಿಶಿನಕ್ಕೆ ಸುಣ್ಣ ಸೇರಿಸಿ ತಾವೇ ಮಾಡಿದ ಕುಂಕುಮದಿಂದ. ನಾನು ಬರುವಷ್ಟರಲ್ಲಿ ಕುಂಕುಮದ ಬಟ್ಟಲು ಹಿಡಿದೇ ನಿಂತಿದ್ದರು. “ಕುಂಕುಮ ಅಳದಿ ಆಗೋಯ್ತು ಕಣಮ್ಮಿ, ನಾನೇನ್ ಮಾಡ್ಬುಟ್ಟೆ” ಎಂದರು. ನಾನು ನೋಡಿದವಳೇ ಅವರನ್ನು ತಬ್ಬಿಕೊಂಡೆ. ಸುಣ್ಣದಿಂದ ಕೆಂಪಾದ ಅರಿಶಿನವನ್ನು ಮತ್ತೆ ಹಳದಿ ಮಾಡುವುದು ಆಮ್ಲ. ಅಂದರೆ ಅಷ್ಟು ತೊಳೆದರೂ ನನ್ನ ಆಮ್ಲ ಪೊರೆ ಬಿಟ್ಟು ಹೋಗಿರಲಿಲ್ಲ. ಸೋಮವಾರ ಆ ಮೂಲೆ ಕತ್ತರಿಸಿ, ಉಳಿದದ್ದನ್ನು ಸೆಲ್‌ನಲ್ಲಿ ಕೂರಿಸಿದೆವು. ಅದಕ್ಕೆ ಜೋಡಿಸಿದ ಪುಟ್ಟ ಫ್ಯಾನು ತಿರುಗಿತು. ನನಗೆ ಅಳುವೇ ಬಂತು. ಮೇಡಂ ಮೈಸೂರುಪಾಕು ತರಿಸಿದರು, ನನ್ನ ಪಾಲನ್ನು ಅತ್ತೆಗೆಂದು ಕಟ್ಟಿಸಿಕೊಂಡು ಬಂದೆ.

ಶೂ ಕೊಡವಿ ಹಾಕಿಕೊಳ್ಳಿ. ಕಾಯಿಸಿದ ನೀರನ್ನೇ ಕುಡಿಯಿರಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನೆನಪು ಹೇಳಿ.

ನಿಮ್ಮ
ನಯನಾ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದುಕೊಂಡದ್ದು: ಅತ್ತೆ ಆ ಮೈಸೂರುಪಾಕು ಮುಟ್ಟಲಿಲ್ಲ. ಕುಂಕುಮ ಬಣ್ಣಗೆಟ್ಟಿತು, ಕಾಡಿನಲ್ಲಿ ಮಗನಿಗೆ ಏನೋ ಆಗಿದೆ ಎಂದು ಅವರ ಮನಸ್ಸಿಗೆ ಹೊಕ್ಕಿದೆ. ಭಾನುವಾರದಿಂದ ಒಪ್ಪೊತ್ತು ಊಟ. ಆಮ್ಲ, ಸುಣ್ಣ ಎಲ್ಲ ಬಿಡಿಸಿ ಹೇಳಿದೆ. ಊಂ ಎಂದರು, ತಟ್ಟೆ ಸರಿಸಿದರು. ಚೆನ್ನಾಗಿದ್ದೇನೆ ಎಂದು ಒಂದು ಚೀಟಿ ಬರೆದು ಅದೇ ಜೀಪಿನಲ್ಲಿ ಕಳಿಸಿ. ಎರಡು ಬರೆಯಿರಿ. ಅಷ್ಟೆಲ್ಲ ಬಿಡಿಸಿ ಹೇಳಿದವಳಿಗೂ ಒಂದು ಬೇಕು.