ಹಿಂದಿಯೋ ಕೊರಿಯನ್ನೋ

ಮಾರ್ಚ್ ೧೧, ಮಂಗಳವಾರ.

ಮೊಮ್ಮಗಳಿಗೆ ಬರೆಯಬೇಕಾದ ಕಾಗದ ಇವತ್ತೂ ಮುಗಿಯಲಿಲ್ಲ. ಅವಳ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಒಂದು ಹೊಸ ಭಾಷೆ ಕಲಿಸುತ್ತಾರಂತೆ. ಹಿಂದಿಯೋ ಕೊರಿಯನ್ನೋ, ಶುಕ್ರವಾರದೊಳಗೆ ಹೇಳಬೇಕು. "ಎರಡನ್ನೂ ಪುಸ್ತಕ ನೋಡ್ಕೊಂಡೇ ಕಲಿತವಳು ನೀನು. ನೀನು ಹೇಳಿದ್ದನ್ನೇ ತಗೋತೀನಿ ಅಜ್ಜಿ" ಎಂದು ನನ್ನ ತಲೆಗೆ ಕಟ್ಟಿದ್ದಾಳೆ.

ಕೊರಿಯನ್ ಅಕ್ಷರ ಮೂರೇ ದಿನದಲ್ಲಿ ಕೈಗೆ ಹತ್ತಿತ್ತು. ಹಿಂದಿಯದಕ್ಕೆ ಮೂರು ವಾರ ಹಿಡಿಯಿತು, ಆದರೆ ಅರ್ಧ ಪದಗಳು ಮೊದಲೇ ಪರಿಚಯದವು. ಕುರ್ಚಿ ಹೆಣ್ಣು, ಬಾಗಿಲು ಗಂಡು ಎಂಬ ಅದರ ಹಟ ಮಾತ್ರ ಇನ್ನೂ ಒಗ್ಗಿಲ್ಲ. ಆದರೂ ಗೇಟಿನ ಕಾವಲುಗಾರನ ಜೊತೆ ತಪ್ಪುತಪ್ಪಾಗಿ ಮಾತಾಡಿದರೂ ನಡೆಯುತ್ತದೆ, ನಕ್ಕು ಉತ್ತರ ಕೊಡುತ್ತಾನೆ.

ಕೆಳಗಿನ ಇಸ್ತ್ರಿ ಅಂಗಡಿಯ ಕೊರಿಯನ್ ಹೆಂಗಸನ್ನು ಇವತ್ತು ಮೊದಲ ಸಲ ಅವಳ ಭಾಷೆಯಲ್ಲಿ ಮಾತಾಡಿಸಿದೆ. ಅವಳು ಕೇಳಿದ ಮೊದಲ ಪ್ರಶ್ನೆಯೇ ವಯಸ್ಸು. ಅವರಲ್ಲಿ ಹಿರಿಯರೊಂದಿಗೆ ಆಡುವ ಮಾತೇ ಬೇರೆ, ಕಿರಿಯರೊಂದಿಗೆ ಆಡುವುದೇ ಬೇರೆ. ನಾನು ಅಭ್ಯಾಸಬಲದಿಂದ ಐದು ವರ್ಷ ನುಂಗಿ ಹೇಳಿದೆ.

"ಹಾಗಾದ್ರೆ ನಾನೇ ಅಕ್ಕ. ಕೂತ್ಕೋ, ಎಷ್ಟು ಸೊರಗಿದೀಯ. ಸರಿಯಾಗಿ ತಿಂತೀಯೋ ಇಲ್ವೋ?" ಎಂದಳು.

ಅವಳು ಹೇಳಿದ ತನ್ನ ವಯಸ್ಸನ್ನು ಲೆಕ್ಕ ಹಾಕಿದರೆ ನಿಜಕ್ಕೂ ನನಗಿಂತ ಮೂರು ವರ್ಷ ಚಿಕ್ಕವಳು. ಆದರೂ ಚಹಾ ಕೊಟ್ಟಳು, ಬುದ್ಧಿ ಹೇಳಿದಳು, ನನ್ನ ಶಾಲು ಸರಿಮಾಡಿದಳು. ಆರು ಮಕ್ಕಳಲ್ಲಿ ನಾನೇ ದೊಡ್ಡವಳು. ಹುಟ್ಟಿದಾರಭ್ಯ ಯಾರೂ ನನ್ನನ್ನು ತಂಗಿ ಎಂದು ಕರೆದಿರಲಿಲ್ಲ.

ಬೇಗ ಬಾಯಿಗೆ ಬರಬೇಕಾದರೆ ಹಿಂದಿ ಎಂದು ಕಾಗದದಲ್ಲಿ ಬರೆದಿದ್ದೇನೆ. ಆದರೂ ಕೊರಿಯನ್ನೇ ಕಲಿ ಎನ್ನಲು ಮನಸ್ಸಾಗುತ್ತಿದೆ. ಯಾಕೆಂದು ಹೇಳಲು ನನ್ನ ಸುಳ್ಳನ್ನೂ ಬರೆಯಬೇಕು. ಬರೆಯುತ್ತೇನೆ, ಹುಡುಗಿ ನಗಲಿ. ಅಂಗಡಿಯವಳಿಗೂ ನಿಜ ಹೇಳಲೇಬೇಕು. ಆದರೆ ನಾಳೆಯೇ ಬೇಡ, ಇನ್ನೊಂದು ವಾರ ಹೀಗೇ ತಂಗಿಯಾಗಿ ಇದ್ದುಬಿಡುತ್ತೇನೆ.